ಗ್ಲೆಂಡೇಲ್‌ನಲ್ಲಿ ಪರ್ಡ್ಯೂ: ಈಡಿಯ 37, ಉಳಿದವರ 23

ಗುರುವಾರ, ಏಪ್ರಿಲ್ 4, 2024

ಇಂಡಿಯಾನಾಪೊಲಿಸ್‌ನಿಂದ ಫೀನಿಕ್ಸ್‌ಗೆ ಹೊರಟ ವಿಮಾನದಲ್ಲಿ ಕಪ್ಪು-ಬಂಗಾರ ಬಣ್ಣದ ಅಂಗಿ ಹಾಕದವರನ್ನು ಹುಡುಕಬೇಕಿತ್ತು. ಹಿಂದಿನಿಂದ ಯಾರೋ ‘ಬಾಯ್ಲರ್ ಅಪ್’ ಅಂದರೆ ಮುಂದಿನಿಂದ ‘ಹ್ಯಾಮರ್ ಡೌನ್’ ಅಂತ ಉತ್ತರ ಬರುತ್ತಿತ್ತು. ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದವರು ಎಲ್ಲಿ ಸಿಕ್ಕರೂ ಒಬ್ಬರನ್ನೊಬ್ಬರು ಮಾತಾಡಿಸುವುದೇ ಹೀಗೆ. ವಿಮಾನದ ಸಿಬ್ಬಂದಿಯೂ ಕೊನೆಗೆ ಮೈಕ್‌ನಲ್ಲಿ ಅದನ್ನೇ ಹೇಳಿದರು, ಚಪ್ಪಾಳೆ ಬಿತ್ತು.

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಷ್ಟಾಗಿ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮಾರ್ಚ್‌ನಲ್ಲಿ 68 ತಂಡಗಳ ಟೂರ್ನಿ ಶುರುವಾಗುತ್ತದೆ. ಒಂದು ಸೋತರೆ ಮನೆಗೆ. ಕೊನೆಗೆ ಉಳಿಯುವ ನಾಲ್ಕು ತಂಡಗಳು ಒಂದೇ ಊರಲ್ಲಿ ಸೇರುತ್ತವೆ, ಅದೇ ಫೈನಲ್ ಫೋರ್. ಪರ್ಡ್ಯೂ ಇಲ್ಲಿಗೆ ಹಿಂದೆ ಬಂದದ್ದು 1980ರಲ್ಲಿ. ಫೈನಲ್ ಆಡಿದ್ದು ಇನ್ನೂ ಹಿಂದೆ, 1969ರಲ್ಲಿ. ಅವತ್ತು ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಎದುರು 92-72ರಲ್ಲಿ ಸೋಲು. ಆ ಕಡೆ ಸೆಂಟರ್ (ರಿಂಗ್ ಹತ್ತಿರ ಆಡುವ ಎತ್ತರದ ಆಟಗಾರ) ಆಗಿದ್ದವನು ಲ್ಯೂ ಆಲ್ಸಿಂಡರ್, ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಆದವನು. ಪಕ್ಕದ ಸೀಟಿನ ಅಜ್ಜ 1980ರ ಸೆಮಿಫೈನಲ್ ಕಣ್ಣಾರೆ ನೋಡಿದ್ದರಂತೆ. ಸೆಂಟರ್ ಜೋ ಬ್ಯಾರಿ ಕ್ಯಾರೊಲ್ ಬಗ್ಗೆ ನ್ಯೂ ಮೆಕ್ಸಿಕೊ ದಾಟುವವರೆಗೂ ಹೇಳಿದರು. ಆಗಲೂ ಯುಸಿಎಲ್‌ಎ ಎದುರೇ ಸೋಲು, 67-62.

ನನ್ನ ಜೊತೆ ಬಂದ ಗೆಳೆಯನೂ ಪರ್ಡ್ಯೂದಲ್ಲೇ ಓದಿದವನು. ಅವನ ಪ್ರಕಾರ ಈ ತಂಡ ಅಂದರೆ ಝ್ಯಾಕ್ ಈಡಿ, ಅಷ್ಟೇ. ಟೊರೊಂಟೊದ ಹುಡುಗ, 7 ಅಡಿ 4 ಇಂಚು. ಚಿಕ್ಕಂದಿನಲ್ಲಿ ಹಾಕಿ, ಬೇಸ್‌ಬಾಲ್ ಆಡುತ್ತಿದ್ದವನು ಬ್ಯಾಸ್ಕೆಟ್‌ಬಾಲ್‌ಗೆ ತಡವಾಗಿ ಬಂದ. ಹೈಸ್ಕೂಲ್ ಮುಗಿಸಿದಾಗ ದೇಶದ ಆಟಗಾರರ ಪಟ್ಟಿಯಲ್ಲಿ ಅವನ ಜಾಗ 400ರ ಆಚೆ ಎಲ್ಲೋ ಇತ್ತು. ಈಗ ಎರಡು ವರ್ಷ ಸತತವಾಗಿ ವರ್ಷದ ಆಟಗಾರ. 80ರ ದಶಕದ ಶುರುವಿನ ರಾಲ್ಫ್ ಸ್ಯಾಂಪ್ಸನ್ ನಂತರ ಇದು ಯಾರಿಗೂ ಆಗಿರಲಿಲ್ಲ.

ನಾನು ಒಪ್ಪುವುದಿಲ್ಲ. ಈ ತಂಡದ ನಿಜವಾದ ಅಳತೆ ಅದರ ಗಾರ್ಡ್‌ಗಳು, ಹೊರಗಿನಿಂದ ಆಟ ನಡೆಸುವವರು. ಬ್ರೇಡನ್ ಸ್ಮಿತ್, ಫ್ಲೆಚರ್ ಲೋಯರ್, ಲ್ಯಾನ್ಸ್ ಜೋನ್ಸ್. ಈಡಿ ಒಳಗೆ ನಿಂತರೆ ಎದುರಾಳಿಗಳು ಇಬ್ಬರು ಮೂವರು ಅವನ ಮೇಲೆ ಬೀಳುತ್ತಾರೆ, ಚೆಂಡು ಹೊರಗೆ ಬರುತ್ತದೆ, ತ್ರೀ (ದೂರದಿಂದ ಹೊಡೆಯುವ ಮೂರು ಪಾಯಿಂಟಿನ ಹೊಡೆತ) ಬೀಳುತ್ತದೆ. ಈ ಸೀಸನ್‌ನಲ್ಲಿ ನೂರಕ್ಕೆ ನಲವತ್ತು ತ್ರೀ ಹಾಕಿದ ತಂಡ ಇದು. ಒಳಗಿನದೂ ಹೊರಗಿನದೂ ಒಂದೇ ಆಟ. ನಡುವಿನ ಕೊಂಡಿ ಕಡಿದರೆ ಎರಡೂ ಇಲ್ಲ.

ಅದು ಕಡಿದದ್ದನ್ನು ಹಿಂದಿನ ವರ್ಷ ನೋಡಿದ್ದೆವು. ಸೋಲಿನ ಸಾಲು ಅದಕ್ಕೂ ಮುಂಚೆಯೇ ಶುರುವಾಗಿತ್ತು: 2021ರಲ್ಲಿ 13ನೇ ಶ್ರೇಯಾಂಕದ ನಾರ್ತ್ ಟೆಕ್ಸಸ್ ಎದುರು ಸೋಲು. 2022ರಲ್ಲಿ 15ನೇ ಶ್ರೇಯಾಂಕದ ಸೇಂಟ್ ಪೀಟರ್ಸ್ ಎದುರು. 2023ರಲ್ಲಿ, ಒಂದನೇ ಶ್ರೇಯಾಂಕ ಇಟ್ಟುಕೊಂಡು, 16ನೇ, ಅಂದರೆ ಕೊನೆಯ, ಶ್ರೇಯಾಂಕದ ಫೇರ್ಲಿ ಡಿಕಿನ್ಸನ್ ಎದುರು 63-58. ಪುರುಷರ ಟೂರ್ನಿಯಲ್ಲಿ ಅದಕ್ಕೆ ಮುಂಚೆ ಹಾಗೆ ಸೋತಿದ್ದು ವರ್ಜೀನಿಯಾ ಮಾತ್ರ, 2018ರಲ್ಲಿ. ಫೇರ್ಲಿ ಡಿಕಿನ್ಸನ್‌ನ ಗಿಡ್ಡ ಹುಡುಗರು ಈಡಿಯನ್ನು ನಾಲ್ಕೂ ಕಡೆಯಿಂದ ಮುತ್ತಿ, ‘ಹೊರಗಿನಿಂದ ಹೊಡೀರಿ ನೋಡೋಣ’ ಅಂತ ಬಿಟ್ಟರು. ನಮ್ಮವರು 26 ತ್ರೀ ಹೊಡೆದು 5 ಹಾಕಿದರು. ಇಂಡಿಯಾನಾದಲ್ಲಿ ಆಮೇಲೆ ಒಂದು ವರ್ಷ ನಾವು ಕೇಳಿದ ಜೋಕುಗಳನ್ನು ಇಲ್ಲಿ ಬರೆಯುವುದಿಲ್ಲ.

ಶುಕ್ರವಾರ, ಏಪ್ರಿಲ್ 5

ಸ್ಟೇಟ್ ಫಾರ್ಮ್ ಸ್ಟೇಡಿಯಂ ಇರುವುದು ಫೀನಿಕ್ಸ್‌ನ ಪಶ್ಚಿಮಕ್ಕೆ, ಗ್ಲೆಂಡೇಲ್‌ನಲ್ಲಿ. ಅರಿಜೋನಾ ಕಾರ್ಡಿನಲ್ಸ್ ಫುಟ್‌ಬಾಲ್ ತಂಡದ ಮನೆ. ಅಲ್ಲಿನ ಹುಲ್ಲಿನ ಮೈದಾನವನ್ನು ಇಡೀ ತಟ್ಟೆಯ ಸಮೇತ ಹೊರಗೆ ಉರುಳಿಸಿ ಬಿಸಿಲಿಗೆ ಇಡಬಹುದು. ಊರೊಳಗೆ ಓಡುವ ಲೈಟ್ ರೈಲು ಇಲ್ಲಿಗೆ ಬರುವುದಿಲ್ಲ, ಹಾಗಾಗಿ ಕಾರೇ ಗತಿ.

ಶುಕ್ರವಾರ ನಾಲ್ಕೂ ತಂಡಗಳ ಅಭ್ಯಾಸ. ಯಾರು ಬೇಕಾದರೂ ಹೋಗಿ ನೋಡಬಹುದು, ಟಿಕೆಟ್ ಇಲ್ಲ. ನನ್ನನ್ನು ಕೇಳಿದರೆ ಫೈನಲ್ ಫೋರ್‌ನ ಅತ್ಯಂತ ಒಳ್ಳೆಯ ಭಾಗ ಇದೇ. ಮಕ್ಕಳು ಮುಂದಿನ ಸಾಲಿಗೆ ಓಡುತ್ತಾರೆ. ಆಟಗಾರರು ಸುಮ್ನೆ ಡಂಕ್ ಹೊಡೆದು ನಗಿಸುತ್ತಾರೆ. ನಿಜವಾದ ಅಭ್ಯಾಸ ಬೇರೆಲ್ಲೋ ಬಾಗಿಲು ಹಾಕಿಕೊಂಡು ನಡೆದಿರುತ್ತದೆ, ಅದು ಎಲ್ಲರಿಗೂ ಗೊತ್ತು.

ಅಂಕಣವನ್ನು ಸ್ಟೇಡಿಯಂ ಮಧ್ಯೆ ಒಂದು ಕಟ್ಟೆಯ ಮೇಲೆ ಹಾಕಿದ್ದರು. ರಿಂಗ್ ಹಿಂದೆ ಗೋಡೆ ಇಲ್ಲ, ಬರೀ ದೂರದ ಸೀಟುಗಳು. ಇಂಥ ಜಾಗದಲ್ಲಿ ದೂರದ ಅಂದಾಜು ತಪ್ಪುತ್ತದೆ, ತ್ರೀ ಬೀಳುವುದಿಲ್ಲ ಅಂತ ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಗೆಳೆಯ ಅಲ್ಲೇ ಆ ರಾಗ ತೆಗೆದ. ಲೋಯರ್ ಮೂಲೆಯಿಂದ ಒಂದರ ಹಿಂದೆ ಒಂದು ಹಾಕುತ್ತಿದ್ದ. ನಾನು ಸುಮ್ಮನೆ ಅತ್ತ ಕೈ ತೋರಿಸಿದೆ.

ಪರ್ಡ್ಯೂ ಈ ಮಟ್ಟಕ್ಕೆ ಬಂದದ್ದರಲ್ಲಿ ನಾನು ಕೋಚ್ ಮ್ಯಾಟ್ ಪೇಂಟರ್ ಅವರಿಗೆ ಜಾಸ್ತಿ ಅಂಕ ಕೊಡುವುದು ಒಂದೇ ಕಾರಣಕ್ಕೆ. ಆ 16ನೇ ಶ್ರೇಯಾಂಕದ ಸೋಲಿನ ನಂತರ ಅವರು ತಂಡವನ್ನು ಒಡೆಯಲಿಲ್ಲ. ಸ್ಮಿತ್, ಲೋಯರ್ ಇಬ್ಬರೂ ಆಗ ಮೊದಲ ವರ್ಷದ ಹುಡುಗರು. ಅವರನ್ನೇ ಇಟ್ಟುಕೊಂಡು, ಸದರ್ನ್ ಇಲಿನಾಯ್‌ನಿಂದ ಲ್ಯಾನ್ಸ್ ಜೋನ್ಸ್ ಎಂಬ ಒಬ್ಬ ವೇಗದ ಗಾರ್ಡ್‌ನನ್ನು ತಂದರು. ನವೆಂಬರ್‌ನಲ್ಲಿ ಹೊನೊಲುಲುವಿನಲ್ಲಿ ಗೊಂಝಾಗಾ, ಟೆನೆಸ್ಸಿ, ಮಾರ್ಕೆಟ್ ಮೂರನ್ನೂ ಸೋಲಿಸಿದಾಗಲೇ ಇದು ಬೇರೆ ತಂಡ ಅನ್ನಿಸಿತ್ತು. ನಮ್ಮ ಬಿಗ್ ಟೆನ್ ಲೀಗ್‌ನಲ್ಲಿ 17 ಗೆಲುವು, 3 ಸೋಲು.

ಶನಿವಾರ, ಏಪ್ರಿಲ್ 6

ಆಟ ಮಧ್ಯಾಹ್ನ ಮೂರು ದಾಟಿದ ಮೇಲೆ. ಅರಿಜೋನಾದಲ್ಲಿ ಗಡಿಯಾರ ಮುಂದೆ ತಳ್ಳುವ ಪದ್ಧತಿ ಇಲ್ಲ, ಹಾಗಾಗಿ ಏಪ್ರಿಲ್‌ನಲ್ಲಿ ಇಂಡಿಯಾನಾಗಿಂತ ಮೂರು ಗಂಟೆ ಹಿಂದೆ. ದೇಹಕ್ಕೆ ಸಂಜೆ, ಹೊರಗೆ ಉರಿಬಿಸಿಲು. ಒಳಗೆ 74 ಸಾವಿರಕ್ಕೂ ಜಾಸ್ತಿ ಜನ. ನಮ್ಮ ಸೀಟಿನಿಂದ ಈಡಿಯೂ ಸಣ್ಣವನಾಗಿ ಕಾಣುತ್ತಿದ್ದ. ಅರ್ಧ ಆಟ ದೊಡ್ಡ ಪರದೆಯಲ್ಲೇ ನೋಡಿದೆವು.

ಎದುರಾಳಿ ಎನ್‌ಸಿ ಸ್ಟೇಟ್, ಅಂದರೆ ನಾರ್ತ್ ಕ್ಯಾರೊಲಿನಾ ಸ್ಟೇಟ್. 11ನೇ ಶ್ರೇಯಾಂಕ. ತಮ್ಮ ಎಸಿಸಿ ಲೀಗ್‌ನ ಟೂರ್ನಿಯಲ್ಲಿ ಐದು ದಿನದಲ್ಲಿ ಐದು ಪಂದ್ಯ ಗೆದ್ದು ಒಳಗೆ ನುಗ್ಗಿದವರು. ಮಾರ್ಕೆಟ್, ಡ್ಯೂಕ್ ಎಲ್ಲರನ್ನೂ ಮನೆಗೆ ಕಳಿಸಿದ್ದರು. ಅವರ ದಪ್ಪ ಮೈಯ ಸೆಂಟರ್ ಡಿಜೆ ಬರ್ನ್ಸ್ ದೇಶಕ್ಕೇ ಪ್ರೀತಿಯ ಹುಡುಗ ಆಗಿಬಿಟ್ಟಿದ್ದ. ನಗುತ್ತಾ ಆಡುತ್ತಾನೆ, ಬೆನ್ನು ಕೊಟ್ಟು ತಳ್ಳುತ್ತಾ ಹೋಗಿ ಎಡಗೈಯಲ್ಲಿ ಮೆತ್ತಗೆ ಹಾಕುತ್ತಾನೆ. ಈಡಿ ಎದುರು ಆ ತಳ್ಳಾಟ ನಡೆಯಲಿಲ್ಲ, 8 ಪಾಯಿಂಟ್‌ಗೆ ನಿಂತ. ಅವರಲ್ಲಿ ಡಿಜೆ ಹಾರ್ನ್ ಒಬ್ಬನೇ 20 ಹಾಕಿದ. ಗಾರ್ಡ್ ಮೈಕಲ್ ಓಕಾನಲ್ ಮೊದಲರ್ಧದಲ್ಲೇ ಕಾಲು ನೋವಿನಿಂದ ಕೂತದ್ದು ಅವರಿಗೆ ದೊಡ್ಡ ಪೆಟ್ಟು.

63-50. ಪರ್ಡ್ಯೂ ಗೆದ್ದಿತು. ಈಡಿಗೆ 20 ಪಾಯಿಂಟ್, 12 ರಿಬೌಂಡ್ (ತಪ್ಪಿದ ಹೊಡೆತದ ಚೆಂಡು ಹಿಡಿದದ್ದು). ಹೊರಗಿನಿಂದ ಹತ್ತು ತ್ರೀ ಬಿದ್ದವು. ಸುತ್ತ ಎಲ್ಲರೂ ಅಳುತ್ತಿದ್ದರು, ವಿಮಾನದ ಅಜ್ಜ ಎಲ್ಲಿದ್ದರೋ. ನಾನೂ ಗಂಟಲು ಹೋಗುವಷ್ಟು ಕಿರುಚಿದೆ.

ಆದರೆ ಆಟ ಚೆನ್ನಾಗಿರಲಿಲ್ಲ. ಇದನ್ನು ಅವತ್ತು ರಾತ್ರಿ ಹೇಳಿದ್ದಕ್ಕೆ ಗೆಳೆಯ ನನ್ನ ಮೇಲೆ ಸಿಡುಕಿದ. ‘ಗೆದ್ದ ದಿನಾನೂ ಗೊಣಗ್ತೀಯಲ್ಲೋ ಮಾರಾಯ!’ ಗೊಣಗುವುದಕ್ಕೆ ಕಾರಣ ಇತ್ತು. ಸ್ಮಿತ್‌ಗೆ ಮೂರೇ ಪಾಯಿಂಟ್. ಚೆಂಡು ಹಿಡಿದು ಒಳಗೆ ನುಗ್ಗಿದರೆ ಎದುರಿನ ಉದ್ದ ಕೈಗಳ ಮೇಲಿಂದ ಹೊಡೆಯಲು ಆಗುತ್ತಿರಲಿಲ್ಲ. ಟರ್ನೋವರ್‌ಗಳು, ಅಂದರೆ ಹೊಡೆಯುವ ಮುಂಚೆಯೇ ಚೆಂಡು ಕಳೆದುಕೊಂಡದ್ದು, ಸಾಲುಸಾಲಾಗಿ ಬಂದವು. ಬಿದ್ದ ತ್ರೀಗಳಲ್ಲಿ ಹೆಚ್ಚಿನವು ಈಡಿಯ ಮೇಲೆ ಇಬ್ಬರು ಬಿದ್ದದ್ದರಿಂದ, ಯಾರೂ ಕಾಯದೆ ಬಿಟ್ಟದ್ದರಿಂದ ಬಂದವು. ಇಬ್ಬರು ಬೀಳದಿದ್ದರೆ? ಈ ಹುಡುಗರು ತಾವೇ ದಾರಿ ಮಾಡಿಕೊಂಡು ಹೊಡೆಯಬಲ್ಲರೇ? 13 ಅಂತರದ ಗೆಲುವು ಆ ಪ್ರಶ್ನೆಯನ್ನು ಮುಚ್ಚಿಹಾಕಿತು.

ಆಮೇಲೆ ಇನ್ನೊಂದು ಸೆಮಿಫೈನಲ್‌ನಲ್ಲಿ ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ಬಂದು ಅಲಬಾಮವನ್ನು 86-72ರಲ್ಲಿ ಸೋಲಿಸಿತು. ಮೊದಲರ್ಧ ಅಲಬಾಮ ಜೊತೆಜೊತೆಗೇ ಓಡಿತು. ಎರಡನೇ ಅರ್ಧದಲ್ಲಿ ಯುಕಾನ್ ಗೇರ್ ಬದಲಿಸಿತು, ಅಷ್ಟೇ. ಮೊದಲ ವರ್ಷದ ಹುಡುಗ ಸ್ಟೆಫಾನ್ ಕ್ಯಾಸಲ್ 21 ಹಾಕಿದ. ನಾವಿಬ್ಬರೂ ಸ್ಟೇಡಿಯಂನಿಂದ ಹೊರಬರುವಾಗ ಜಾಸ್ತಿ ಮಾತಾಡಲಿಲ್ಲ.

ಭಾನುವಾರ, ಏಪ್ರಿಲ್ 7

ಬಿಡುವಿನ ದಿನ. ಬೆಳಿಗ್ಗೆ ಗುಡ್ಡದ ಕಡೆ ಹೋಗಿ ಸಗ್ವಾರೊ ಕಳ್ಳಿಗಳನ್ನು ನೋಡಿದೆವು. ಕೈ ಎತ್ತಿ ನಿಂತ ಕಳ್ಳಿಯ ಪಕ್ಕ ಗೆಳೆಯ ತಾನೂ ಕೈ ಎತ್ತಿ ಡಿಫೆನ್ಸ್ ಮಾಡುತ್ತಾ ಫೋಟೊ ತೆಗೆಸಿಕೊಂಡ.

ಮಧ್ಯಾಹ್ನ ಹೋಟೆಲಿನ ಟಿವಿಯಲ್ಲಿ ಮಹಿಳೆಯರ ಫೈನಲ್. ಕ್ಲೀವ್‌ಲ್ಯಾಂಡ್‌ನಲ್ಲಿ ಸೌತ್ ಕ್ಯಾರೊಲಿನಾ ಮತ್ತು ಅಯೋವ. ಪರ್ಡ್ಯೂ ಮಹಿಳೆಯರು 1999ರಲ್ಲೇ ಚಾಂಪಿಯನ್ ಆಗಿದ್ದಾರೆ, ಪುರುಷರ ತಂಡದ ಅಭಿಮಾನಿಗಳಿಗೆ ಇದನ್ನು ಆಗಾಗ ನೆನಪಿಸಬೇಕು. ಅಯೋವದ ಕೇಟ್ಲಿನ್ ಕ್ಲಾರ್ಕ್ ಮೊದಲ ಕ್ವಾರ್ಟರ್‌ನಲ್ಲೇ 18, ಒಟ್ಟು 30 ಹಾಕಿದಳು. ಆದರೂ 87-75ರಲ್ಲಿ ಸೌತ್ ಕ್ಯಾರೊಲಿನಾ ಗೆದ್ದು ಸೀಸನ್ನನ್ನು ಒಂದೂ ಸೋಲದೆ 38-0ಕ್ಕೆ ಮುಗಿಸಿತು. ನನ್ನ ಕಣ್ಣು ಬಿದ್ದದ್ದು ಬೇರೆ ಸಂಖ್ಯೆಯ ಮೇಲೆ. ಬೆಂಚಿನಿಂದ ಎದ್ದು ಬಂದ ಆಟಗಾರ್ತಿಯರು ಸೌತ್ ಕ್ಯಾರೊಲಿನಾಗೆ 37 ಪಾಯಿಂಟ್ ತಂದಿದ್ದರು. ಅಯೋವದ ಬೆಂಚಿನಿಂದ ಸೊನ್ನೆ.

‘ನೋಡು’ ಅಂದೆ.

‘ಈಡಿ ಕ್ಲಾರ್ಕ್ ಅಲ್ಲ, ಅವನನ್ನು ತಡೆಯೋಕೆ ಯಾರಿಂದಲೂ ಆಗಲ್ಲ’ ಅಂದ ಗೆಳೆಯ. ಅವನ ಮಾತಿಗೂ ಬಲ ಇತ್ತು. ಡೆಟ್ರಾಯಿಟ್‌ನಲ್ಲಿ ಟೆನೆಸ್ಸಿ ಎದುರು ಈಡಿ 40 ಪಾಯಿಂಟ್, 16 ರಿಬೌಂಡ್ ಮಾಡಿ, ಕೊನೆಯಲ್ಲಿ 37 ಹಾಕಿದ್ದ ಡಾಲ್ಟನ್ ಕನೆಕ್ಟ್‌ನ ಹೊಡೆತವನ್ನೂ ತಡೆದು ನಮ್ಮನ್ನು ಇಲ್ಲಿಗೆ ತಂದಿದ್ದ. ಆ ಪಂದ್ಯ 72-66. ಅದು ಒಬ್ಬನ ಗೆಲುವು ಅಂದರೆ ಯಾರೂ ಜಗಳ ಮಾಡುವುದಿಲ್ಲ.

ಯುಕಾನ್ ಟೆನೆಸ್ಸಿ ಅಲ್ಲ, ಅದೇ ತೊಂದರೆ. ಇಲಿನಾಯ್ ಎದುರು ಅವರು ಸತತ 30 ಪಾಯಿಂಟ್ ಹಾಕಿದ್ದರು, ಅಷ್ಟು ಹೊತ್ತು ಎದುರಾಳಿಗೆ ಒಂದೂ ಇಲ್ಲ. ಅವರ ಸೆಂಟರ್ ಡೊನೊವನ್ ಕ್ಲಿಂಗನ್ 7 ಅಡಿ 2 ಇಂಚು. ಈಡಿಯನ್ನು ಒಬ್ಬನೇ ಎದುರಿಸಬಲ್ಲವನು ದೇಶದಲ್ಲಿ ಯಾರಾದರೂ ಇದ್ದರೆ ಅವನೇ. ಒಬ್ಬನೇ ಸಾಕು ಅಂತಾದರೆ ಉಳಿದ ನಾಲ್ವರು ನಮ್ಮ ಹೊಡೆತಗಾರರನ್ನು ಬಿಟ್ಟು ಕದಲಬೇಕಿಲ್ಲ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಗೆಳೆಯ ನಿದ್ದೆ ಹೋಗಿದ್ದ.

ಸೋಮವಾರ, ಏಪ್ರಿಲ್ 8

ಅವತ್ತು ಸೂರ್ಯಗ್ರಹಣ. ಇಂಡಿಯಾನಾಪೊಲಿಸ್‌ನಲ್ಲಿ ಪೂರ್ಣ, ಫೀನಿಕ್ಸ್‌ನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಮನೆ ಬಾಗಿಲಿಗೆ ಬಂದ ಪೂರ್ಣಗ್ರಹಣ ಬಿಟ್ಟು ಬ್ಯಾಸ್ಕೆಟ್‌ಬಾಲ್ ನೋಡಲು ಬಂದವರು ನಾವು. ಗೆಳೆಯನ ಅಮ್ಮ ಊರಿಂದ ಫೋನ್ ಮಾಡಿ, ಗ್ರಹಣ ಬಿಡುವವರೆಗೆ ಏನೂ ತಿನ್ನಬೇಡಿ ಅಂದರು. ‘ಫೈನಲ್ ಸಂಜೆ ಆರೂ ಇಪ್ಪತ್ತಕ್ಕೆ ಅಮ್ಮಾ, ಅಷ್ಟರಲ್ಲಿ ಬಿಟ್ಟಿರುತ್ತೆ’ ಅಂತ ಅವನು ಸಮಾಧಾನ ಹೇಳಿದ.

ಶುರು ಚೆನ್ನಾಗಿತ್ತು. ಈಡಿ ಕ್ಲಿಂಗನ್ ಮೇಲಿಂದ ಹುಕ್ ಹೊಡೆದು ಹೊಡೆದು ಹಾಕಿದ. ನಮ್ಮ ಕಡೆಯ ಗ್ಯಾಲರಿ ಕುಣಿಯಿತು. ನಾನು ಅವನನ್ನು ಬಿಟ್ಟು ಮೂಲೆಗಳನ್ನು ನೋಡುತ್ತಿದ್ದೆ. ಲೋಯರ್‌ಗೆ ಅಂಟಿಕೊಂಡ ಯುಕಾನ್ ಹುಡುಗ ಒಂದು ಹೆಜ್ಜೆಯೂ ಒಳಗೆ ಬರುತ್ತಿರಲಿಲ್ಲ. ಈಡಿ ಚೆಂಡು ಹಿಡಿದಾಗಲೂ ಇಲ್ಲ, ತಿರುಗಿದಾಗಲೂ ಇಲ್ಲ. ಯುಕಾನ್ ಕೋಚ್ ಡಾನ್ ಹರ್ಲಿ ಲೆಕ್ಕ ಹಾಕಿಯೇ ಬಂದಿದ್ದರು. ಈಡಿ ಎಷ್ಟು ಬೇಕಾದರೂ ಹಾಕಲಿ, ಎರಡೆರಡಾಗಿ ಹಾಕಲಿ. ಉಳಿದವರಿಗೆ ಚೆಂಡು ಬೇಡ.

ವಿರಾಮಕ್ಕೆ 36-30, ಯುಕಾನ್ ಮುಂದೆ. ಆ 30ರಲ್ಲಿ ಈಡಿಯದೇ 16.

ಎರಡನೇ ಅರ್ಧದಲ್ಲಿ ಅಂತರ ನಿಧಾನಕ್ಕೆ ಬೆಳೆಯಿತು. ಒಮ್ಮೆಲೇ ಕುಸಿದದ್ದಲ್ಲ. ನಾವು ಎರಡು ಹಾಕಿದರೆ ಅವರೂ ಎರಡು. ನಾವು ತಪ್ಪಿದರೆ ಅವರು ಎರಡು. ಆ ಕಡೆ ಟ್ರಿಸ್ಟನ್ ನ್ಯೂಟನ್ ಸ್ಕ್ರೀನ್ (ಕಾಯುವವನಿಗೆ ಅಡ್ಡ ನಿಂತ ಜೊತೆ ಆಟಗಾರ) ಸುತ್ತಿ ಬಂದು, ಈಡಿ ರಿಂಗ್ ಹತ್ತಿರವೇ ನಿಲ್ಲುತ್ತಾನೆ ಅಂತ ಗೊತ್ತಿದ್ದು, ಮಧ್ಯದ ಖಾಲಿ ಜಾಗದಿಂದ ಹಾಕುತ್ತಿದ್ದ. ಈಡಿ ಮುಂದೆ ಬಂದರೆ ಮೇಲಿನಿಂದ ಪಾಸ್, ಕ್ಲಿಂಗನ್ ಡಂಕ್. ಈಡಿಯನ್ನು ಪೂರ್ತಿ 40 ನಿಮಿಷದ ಹತ್ತಿರ ಆಡಿಸಿದ್ದಕ್ಕೆ ಬೆಲೆ ಕೊಟ್ಟದ್ದು ಇಲ್ಲಿ. ಕ್ಲಿಂಗನ್ ದಣಿದರೆ ಸ್ಯಾಮ್ಸನ್ ಜಾನ್ಸನ್ ಬರುತ್ತಿದ್ದ. ನಮ್ಮವನಿಗೆ ಬದಲಿ ಇರಲಿಲ್ಲ.

75-60. ನ್ಯೂಟನ್‌ಗೆ 20, ಕ್ಯಾಸಲ್‌ಗೆ 15. ಯುಕಾನ್ ಸತತ ಎರಡನೇ ಬಾರಿ ಚಾಂಪಿಯನ್. 2006 ಮತ್ತು 2007ರಲ್ಲಿ ಫ್ಲಾರಿಡಾ ಮಾಡಿದ ಮೇಲೆ ಇದೇ ಮೊದಲು. ಎರಡು ವರ್ಷದ ಟೂರ್ನಿಯಲ್ಲಿ ಒಂದು ಪಂದ್ಯವನ್ನೂ ಅವರು ಹತ್ತು ಪಾಯಿಂಟಿಗಿಂತ ಕಡಿಮೆ ಅಂತರದಲ್ಲಿ ಗೆದ್ದಿಲ್ಲ.

ಈಡಿಗೆ 37. 25ರಲ್ಲಿ 15 ಹಾಕಿದ. ಸ್ಮಿತ್‌ಗೆ 12. ಉಳಿದ ಎಲ್ಲರೂ ಸೇರಿ 11. ಲೋಯರ್‌ಗೆ ಒಂದೂ ಇಲ್ಲ. ಪರ್ಡ್ಯೂ ಇಡೀ ಪಂದ್ಯದಲ್ಲಿ ಹೊಡೆದ ತ್ರೀ ಏಳೇ ಏಳು, ಬಿದ್ದದ್ದು ಒಂದು. ಸಾಮಾನ್ಯವಾಗಿ ಇಪ್ಪತ್ತರ ಹತ್ತಿರ ಹೊಡೆಯುವ ತಂಡ ಇದು. ಎರಡು ದಿನ ಹಿಂದೆ ಇದೇ ರಿಂಗ್‌ಗಳಿಗೆ ಹತ್ತು ಹಾಕಿದವರು. ಸ್ಟೇಡಿಯಂ ದೊಡ್ಡದು, ಅಂದಾಜು ಸಿಗಲಿಲ್ಲ ಅನ್ನುವ ನೆಪವೂ ಇಲ್ಲ. ಹೊಡೆದು ತಪ್ಪಿದ್ದಲ್ಲ, ಹೊಡೆಯಲು ಬಿಡಲೇ ಇಲ್ಲ.

ಮಂಗಳವಾರ, ಏಪ್ರಿಲ್ 9

ಅವತ್ತು ಯುಗಾದಿ. ಬೇವು-ಬೆಲ್ಲದ ಮಾತು ನನ್ನಿಂದ ನಿರೀಕ್ಷಿಸಬೇಡಿ.

ವಿಮಾನ ನಿಲ್ದಾಣದಲ್ಲಿ ನಮ್ಮವರೆಲ್ಲ ಎರಡು ಗುಂಪು. ಒಂದು ಗುಂಪಿಗೆ ಇದು ಇತಿಹಾಸದ ಅತ್ಯುತ್ತಮ ಸೀಸನ್, ಅಷ್ಟು ಸಾಕು. ಇನ್ನೊಂದು ಗುಂಪು ಪೇಂಟರ್ ಮೇಲೆ ಹರಿಹಾಯುತ್ತಿತ್ತು. ಈಡಿಗೇ ಯಾಕೆ ಅಷ್ಟು ಚೆಂಡು ಕೊಟ್ಟಿರಿ, ಬೇರೆಯವರಿಂದ ಹೊಡೆಸಬಾರದಿತ್ತೇ ಅಂತ. ಗೆಳೆಯನೂ ಈಗ ಆ ಗುಂಪಿಗೆ ಸೇರಿಬಿಟ್ಟಿದ್ದ. ಗುರುವಾರ ಈಡಿ ಒಬ್ಬನೇ ಸಾಕು ಅಂದವನು ಇವನೇನಾ ಅಂತ ಕೇಳಬೇಕು ಅನ್ನಿಸಿತು, ಬಿಟ್ಟೆ.

ಪೇಂಟರ್ ಮೇಲಿನ ದೂರು ಲೆಕ್ಕಕ್ಕೆ ನಿಲ್ಲುವುದಿಲ್ಲ. ನೂರಕ್ಕೆ ನಲವತ್ತು ಬೀಳುವ ತ್ರೀ ಅಂದರೆ ಒಂದು ಹೊಡೆತಕ್ಕೆ 1.2 ಪಾಯಿಂಟ್. ಈಡಿ 25ರಲ್ಲಿ 15 ಹಾಕಿದ, ಅದೂ ಒಂದು ಹೊಡೆತಕ್ಕೆ 1.2. ಫ್ರೀ ಥ್ರೋ ಬೇರೆ. ಅಂದರೆ ಅವನಿಗೆ ಚೆಂಡು ಕೊಟ್ಟದ್ದು ಕೆಟ್ಟ ನಿರ್ಧಾರ ಅಲ್ಲವೇ ಅಲ್ಲ. ಯುಕಾನ್ ಕೊಟ್ಟದ್ದನ್ನು ಪೇಂಟರ್ ತೆಗೆದುಕೊಂಡರು. ಅವರ ಮೇಲೆ ನನ್ನ ತಕರಾರು ಒಂದೇ. ಸ್ಕ್ರೀನ್ ಮೇಲೆ ಈಡಿ ಹಿಂದೆ ನಿಲ್ಲುವ ಡಿಫೆನ್ಸನ್ನು ನ್ಯೂಟನ್ ಒಡೆದು ಹಾಕುತ್ತಿದ್ದರೂ ಬದಲಿಸಲಿಲ್ಲ. ಬದಲಿಸಿದ್ದರೆ ಏನಾಗುತ್ತಿತ್ತೋ, ಈಡಿಯ ಕಾಲು ಅಷ್ಟು ದೂರ ಓಡುವುದಿಲ್ಲ ಅನ್ನುವುದೂ ನಿಜ.

ಸೋತದ್ದು ಉಳಿದ ನಾಲ್ವರ ಕಡೆಯಿಂದ. ಅದಕ್ಕೆ ಅವರನ್ನು ಬೈಯುವುದೂ ಸರಿಯಲ್ಲ. 2023ರಲ್ಲಿ ಎದುರಾಳಿ ಈಡಿಯನ್ನು ಮುತ್ತಿ ಹೊಡೆತಗಾರರನ್ನು ಬಿಟ್ಟರು, 26ರಲ್ಲಿ 5. ಈ ಸಲ ಈಡಿಯನ್ನು ಬಿಟ್ಟು ಹೊಡೆತಗಾರರನ್ನು ಹಿಡಿದರು, 7ರಲ್ಲಿ 1. ಮೊದಲನೆಯದನ್ನು ಹುಡುಗರು ಒಂದು ವರ್ಷದಲ್ಲಿ ಸರಿ ಮಾಡಿಕೊಂಡರು. ಹೊಡೆಯಲು ಕಲಿತರು, ಹೆದರದಿರಲು ಕಲಿತರು. ಎರಡನೆಯದಕ್ಕೆ ಬೇಕಾದದ್ದು ಬೇರೆ ವಿದ್ಯೆ. ಉದ್ದದ, ಗಟ್ಟಿ ಗಾರ್ಡ್ ಮೈಮೇಲೆ ನಿಂತಾಗ ತಾನೇ ಚೆಂಡು ಹಿಡಿದು ಹೊಡೆತ ಹುಟ್ಟಿಸಿಕೊಳ್ಳುವುದು. ಈಡಿ ಇದ್ದಷ್ಟು ದಿನ ಈ ತಂಡಕ್ಕೆ ಅದರ ಅಗತ್ಯವೇ ಬೀಳಲಿಲ್ಲ. ಬಿದ್ದ ಒಂದು ರಾತ್ರಿ ಅದು ಇರಲಿಲ್ಲ.

34 ಗೆಲುವು, 5 ಸೋಲು. ಆ ಐದರಲ್ಲಿ ಎರಡು ಹೆಚ್ಚುವರಿ ಸಮಯದಲ್ಲಿ ಜಾರಿದವು. ನಾನು ನೋಡಿದ ಪರ್ಡ್ಯೂ ತಂಡಗಳಲ್ಲಿ ಇದಕ್ಕೇ ಮೊದಲ ಸ್ಥಾನ. 2019ರಲ್ಲಿ ವರ್ಜೀನಿಯಾ ಎದುರು ಕಾರ್ಸನ್ ಎಡ್ವರ್ಡ್ಸ್ 42 ಹಾಕಿಯೂ ಹೆಚ್ಚುವರಿ ಸಮಯದಲ್ಲಿ ಸೋತ ತಂಡ ನನಗೆ ಇದಕ್ಕಿಂತ ಜಾಸ್ತಿ ಇಷ್ಟ. ಆದರೆ ಇಷ್ಟ ಬೇರೆ, ಗುಣ ಬೇರೆ.

ಈಡಿ ಇನ್ನು ಬರುವುದಿಲ್ಲ, ಅವನ ದಾರಿ ಎನ್‌ಬಿಎ ಕಡೆ. ಜೋನ್ಸ್‌ನ ವರ್ಷಗಳೂ ಮುಗಿದವು. ಸ್ಮಿತ್, ಲೋಯರ್, ಟ್ರೇ ಕಾಫ್‌ಮನ್-ರೆನ್ ಉಳಿಯುತ್ತಾರೆ. ನವೆಂಬರ್‌ನಲ್ಲಿ ಪರ್ಡ್ಯೂದ ಮನೆ ಅಂಕಣ ಮ್ಯಾಕಿ ಅರೀನಾದಲ್ಲಿ ನಾನು ಮೊದಲು ನೋಡುವುದು ಹೊಸ ಸೆಂಟರ್ ಯಾರು ಅಂತ ಅಲ್ಲ. ಸ್ಮಿತ್ ಮೇಲೆ ಆರೂವರೆ ಅಡಿಯ ಗಾರ್ಡ್ ಒಬ್ಬನನ್ನು ಬಿಟ್ಟಾಗ ಅವನು ಚೆಂಡನ್ನು ಪಾಸ್ ಮಾಡುತ್ತಾನೋ, ನುಗ್ಗುತ್ತಾನೋ ಅಂತ. ಗೆಳೆಯ ಮಾತ್ರ ಇನ್ನೊಬ್ಬ ಏಳಡಿಯವನನ್ನು ಈಗಲೇ ಫೋನಿನಲ್ಲಿ ಹುಡುಕುತ್ತಿದ್ದ.